ಕಂಪನಿಯವರ ಕಾಗದ

ಈಗಲಾದರೂ ಹೇಳಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಮಾವ ಮುಂದಿನ ಸೀಟಿನಲ್ಲಿ ಕೂತು ಬಾಗಿಲನ್ನು ಧಡಾರನೆ ಎಳೆದುಕೊಂಡಾಗಿತ್ತು.

"ಬುಡಿ ಅಳೀಂದ್ರೇ. ರಾವುಕಾಲ ಬಂದ್ಬುಡ್ತದೆ."

ಪುಟ್ಟಬಸಪ್ಪ ಚಾವಿ ತಿರುಗಿಸಿದ. ಕಾರು ನಡುಗಿ, ಕೆಮ್ಮಿ, ಶುರುವಾಯಿತು. ಏನೂ ಆಗಲಿಲ್ಲ. ಏನೂ ಆಗದಿರುವುದು ಇನ್ನೆಷ್ಟು ಹೊತ್ತು ನಡೆದೀತು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಮೂವರು. ಬೆಳಿಗ್ಗೆ ತಾನೇ ಅಗರದಲ್ಲಿ ತಾಳಿ ಕಟ್ಟಿಸಿಕೊಂಡಿದ್ದ ನಾದಿನಿ ಚನ್ನಾಜಮ್ಮ, ತಾಳಿ ಕಟ್ಟಿದ ಹನೂರಿನ ಹುಡುಗ, ಪಕ್ಕದಲ್ಲಿ ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಪುಟ್ಟಬಸಪ್ಪನ ಹೆಂಡತಿ ಶಿವರತ್ನಮ್ಮ.

ಅವನ ಕೋಟಿನ ಒಳಜೇಬಿನಲ್ಲಿ ಕಾಗದವಿತ್ತು. ಹದಿನೆಂಟು ದಿನದ ಹಿಂದೆ ರಿಜಿಸ್ಟರ್ ಅಂಚೆಯಲ್ಲಿ ಬಂದದ್ದು. ಕಾರು ಮಾಡಿದ ಕಂಪನಿಯವರು ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ ಬರೆದಿದ್ದರು. ಅರವತ್ತೆಂಟನೇ ಇಸವಿಯ ಕಾರುಗಳಲ್ಲಿ ಪೆಟ್ರೋಲ್ ಪೈಪು ಸೀಳುವ ಸಂಭವವಿದೆ. ಸೀಳಿದರೆ ಪೆಟ್ರೋಲು ಕಾದ ಇಂಜಿನ್ನಿನ ಮೇಲೆ ತೊಟ್ಟಿಕ್ಕಿ ಬೆಂಕಿ ಹತ್ತಬಹುದು. ದಯವಿಟ್ಟು ಕಾರು ಓಡಿಸಬೇಡಿ, ಒಂದು ಸಾಲು ಬರೆಯಿರಿ, ನಮ್ಮವರೇ ಮೈಸೂರಿನಿಂದ ಬಂದು ಕೊಂಡೊಯ್ದು ಹೊಸ ಪೈಪು ಹಾಕಿಕೊಡುತ್ತಾರೆ. ನಿಮ್ಮ ಕ್ಷೇಮವೇ ನಮ್ಮ ಚಿಂತೆ.

ಆ ಕೊನೆಯ ಸಾಲನ್ನು ಪುಟ್ಟಬಸಪ್ಪ ಎಷ್ಟೋ ಸಲ ಓದಿದ್ದ. ಬಿ.ಎ., ಎಲ್‌ಎಲ್.ಬಿ. ಮಾಡಿ ಕೊಳ್ಳೇಗಾಲದ ಕೋರ್ಟಿನ ಜಗಲಿಯಲ್ಲಿ ಆರು ವರ್ಷ ಕೂತವನ ಪ್ರಾಣದ ಬಗ್ಗೆ ಯಾರಾದರೂ ಯೋಚಿಸಿದ್ದರೆ ಅದು ಈ ಕಂಪನಿ ಒಂದೇ.

ಆದರೂ ಉತ್ತರ ಬರೆದಿರಲಿಲ್ಲ. ಕಾರು ಮಾವ ಕೆಂಪನಂಜಪ್ಪನವರು ಕೊಟ್ಟದ್ದು. ಕಾರಿನಲ್ಲಿ ದೋಷವಿದೆ ಎಂದರೆ ಕೊಟ್ಟವರಲ್ಲಿ ದೋಷವಿದೆ ಎಂದ ಹಾಗೆ. ಅಲ್ಲಿಂದ ಕೊಟ್ಟ ಮಗಳ ತನಕ ಮಾತು ಹೋಗಲು ಹೆಚ್ಚು ಹೊತ್ತು ಬೇಕಾಗಿಲ್ಲ. ಮೈಸೂರಿನವರು ಬಂದು ಕಾರು ಕೊಂಡೊಯ್ದರೆ ಅಗರದ ಜನ ಕಾಗದ ಓದುವುದಿಲ್ಲ. ಮಾವ ಅಳಿಯನಿಂದ ಕಾರು ಕಿತ್ತುಕೊಂಡರಂತೆ ಎನ್ನುತ್ತಾರೆ. ಅದೂ ಅಲ್ಲದೆ, ನಮ್ಮ ಹುಡುಗಿ ಕಾರಿನಲ್ಲೇ ಬಂದಿಳಿಯುತ್ತಾಳೆ ಎಂದು ಮಾವ ಹನೂರಿನವರಿಗೆ ಮಾತು ಕೊಟ್ಟಿದ್ದರು.

ಕಬ್ಬಿನ ಗದ್ದೆ ಮುಗಿಯುವಲ್ಲಿ ವಾಸನೆ ಬಂತು.

"ಏನೋ ವಾಸನೆ," ಎಂದ ಪುಟ್ಟಬಸಪ್ಪ.

"ಕಾರ್ ವಾಸ್ನೆ," ಎಂದರು ಮಾವ. "ಎತ್ತಿನ್ ಗಾಡೀಲಿ ಸಗಣಿ ವಾಸ್ನೆ, ಕಾರಲ್ಲಿ ಪೆಟ್ರೋಲ್ ವಾಸ್ನೆ. ಇನ್ನೇನ್ ಸಂಪ್ಗೆ ವಾಸ್ನೆ ಬಂದಾತಾ?"

ಹಿಂದೆ ಮದುಮಗಳು ಕಿಸಕ್ಕನೆ ನಕ್ಕಳು. "ನಂಗಿಷ್ಟ ಕಣ್ ಬಾವ ಈ ವಾಸ್ನೆ. ಗಮ್ ಅಂತದೆ."

ಮಾವ ಸೊಂಟದಿಂದ ಬೀಡಿ ತೆಗೆದರು. ಬೆಂಕಿಪೊಟ್ಟಣಕ್ಕೆ ತಡಕಾಡಿದರು.

"ಮಾವ, ಬೀಡಿ ಬೇಡ."

"ಯಾಕೆ?"

"ಹೊಸ ಗಂಡು ಕೂತವ್ರೆ."

"ನಮ್ಮನೆ ಗಂಡ್ಗೆ ನಾನ್ಯಾಕ್ ನಾಚ್ಕಬೇಕು?" ಎಂದರೂ ಮಾವ ಬೀಡಿಯನ್ನು ಒಳಗಿಟ್ಟರು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಪುಟ್ಟಬಸಪ್ಪನಿಗೆ ಬೆರಗಾಯಿತು.

"ಅವತ್ತು ಕಂಪ್ನಿಯಿಂದ ಕಾಗ್ದ ಬಂದಿತ್ತಲ್ಲ," ಎಂದಳು ಶಿವರತ್ನಮ್ಮ, ಹೂವು ಸರಿಮಾಡುತ್ತ. "ಏನಂತೆ?"

"ಏನಿಲ್ಲ. ಕಾರು ಚೆನ್ನಾಗಿದ್ಯಾ ಅಂತ."

"ನೋಡ್ದಾ ಮರ್ವಾದೆ!" ಮಾವ ಹಿಂದಕ್ಕೆ ತಿರುಗಿ ಹೊಸ ಅಳಿಯನಿಗೆ ಹೇಳಿದರು. "ನಾನ್ ಕೊಡ್ಸಿದ್ ಕಾರ್ನ ಕಂಪ್ನಿಯೋರೇ ಇಚಾರುಸ್ತಾರೆ. ಏನಂತ ಬರುದ್ರಿ ಅಳೀಂದ್ರೇ?"

"ಚೆನ್ನಾಗಿದೆ ಅಂತ."

ಕೊಳ್ಳೇಗಾಲದಲ್ಲಿ, ರೇಡಿಯೇಟರಿಗೆ ನೀರು ಬೇಕು ಎಂದು ಬಸವಣ್ಣನ ಮೆಕ್ಯಾನಿಕ್ ಶೆಡ್ಡಿನ ಮುಂದೆ ನಿಲ್ಲಿಸಿದ. ಬಸವಣ್ಣ ಬಾನೆಟ್ ಎತ್ತಿದವನು ಮೂಗು ಮುಂದಕ್ಕೆ ಚಾಚಿ, ಬಾಯಲ್ಲಿದ್ದ ಬೀಡಿಯನ್ನು ದೂರಕ್ಕೆಸೆದ.

"ಪೈಪ್ ಬೆವರ್ತಾ ಅದೆ ಸಾ."

"ಬೇರೆ ಹಾಕ್ತೀಯಾ?"

"ಇದ್ಕೆಲ್ ತರ್ಲಿ? ಕಂಪ್ನಿ ಪೈಪೇ ಬೇಕು." ಬಟ್ಟೆ ಸೋಪಿನ ಒಂದು ಚೂರು ತಂದು, ನೀರು ಹಚ್ಚಿ ಹಿಚುಕಿ, ಪೈಪಿನ ಸುತ್ತ ಮೆತ್ತಿ, ಚಿಂದಿ ಸುತ್ತಿದ. ಸೋರುವ ಯಾವ ಟ್ಯಾಂಕಿಗೂ ಅವನದು ಇದೇ ಮದ್ದು. "ಮದ್ವೆ ಕಾರಲ್ವಾ, ಅರ್ಸಿಣ ಮೆತ್ತಿವ್ನಿ ಅನ್ಕಳಿ. ಅನೂರ್ ಗಂಟ ಓಯ್ತದೆ. ವಾಪಸ್ ಬರದು ಮಾದಪ್ಪನಿಗ್ ಬುಟ್ಟದ್ದು. ಬೆಂಕಿ ಗಿಂಕಿ ಮಾತ್ರ ಅತ್ರ ತರ್ಬೇಡಿ ಸಾ."

"ಒಳಗಿರೋರಿಗೆ ಹೇಳಬೇಡ."

ಬಸವಣ್ಣ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. "ನಂಗ್ಯಾಕ್ ಸಾ. ಕಾರ್ ನಿಮ್ದು, ಜನ ನಿಮ್ದು."

ಕಾಮಗೆರೆ ಹಿಂದಾಯಿತು. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ. ಮದುಮಗಳು ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅವನು ನಾಚಿ ಕಿಟಕಿಯಾಚೆ ನೋಡಿದ. ಮಾವ ತೂಕಡಿಸಿದರು. ಪುಟ್ಟಬಸಪ್ಪ ಬಾನೆಟ್ಟಿನ ಅಂಚನ್ನೇ ನೋಡುತ್ತಿದ್ದ. ಹೊಗೆಯೇ? ಅಲ್ಲ, ಧೂಳು. ಈಗ? ಬಿಸಿಲು.

ಆಗ ಅವನಿಗೊಂದು ಗೊತ್ತಾಯಿತು. ತಾನು ಹೊಗೆಗಾಗಿ ಕಾಯುತ್ತಿದ್ದೇನೆ. ಸಣ್ಣದೊಂದು ಬೆಂಕಿ ಹತ್ತಿಬಿಟ್ಟರೆ ಎಲ್ಲರೂ ಇಳಿದು ಓಡುತ್ತಾರೆ, ತಾನು ಬಾಯಿ ತೆರೆಯುವ ಕೆಲಸ ಇರುವುದಿಲ್ಲ. ಇಷ್ಟು ನೀಚವಾದದ್ದು ಇಷ್ಟು ಹಿತವಾಗಿರಬಹುದೆಂದು ಅವನು ಎಣಿಸಿರಲಿಲ್ಲ. ಅಂಗೈ ಬೆವರಿ ಸ್ಟಿಯರಿಂಗ್ ಜಾರಿತು.

ಹನೂರಿನಲ್ಲಿ ಗಂಡಿನ ಮನೆಯ ಮುಂದೆ ಬೀದಿಯೇ ನೆರೆದಿತ್ತು. ವಾಲಗದವರು ಕಾರು ಕಂಡೊಡನೆ ಶುರುಮಾಡಿದರು. ಜನರ ಮುಂದೆ ಗಂಡಿನ ಸೋದರತ್ತೆ ದೊಡ್ಡಬಸಮ್ಮ, ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯ ಮೇಲೆ ಉರಿಯುವ ಕರ್ಪೂರ. ಹೊಸ ಹೆಣ್ಣು ಗಾಡಿಯಿಂದ ಇಳಿಯುವ ಮೊದಲು ಗಾಡಿಯ ಸುತ್ತ ಮೂರು ಸುತ್ತು ಬೆಂಕಿ ಬೆಳಗಬೇಕು. ಅದು ಆ ಮನೆಯ ಪದ್ಧತಿ. ಇಲ್ಲಿಯತನಕ ಎತ್ತಿನ ಗಾಡಿ, ಇವತ್ತು ಕಾರು.

ಪುಟ್ಟಬಸಪ್ಪ ಇಂಜಿನ್ ನಿಲ್ಲಿಸಿ ಹಾರಿ ಇಳಿದ. ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದ. ಧೂಳಿನಲ್ಲಿ ಒಂದು ಕಪ್ಪು ಕಲೆ. ನೋಡುತ್ತಿದ್ದಂತೆ ಅದರ ಮೇಲೆ ಇನ್ನೊಂದು ತೊಟ್ಟು ಬಿತ್ತು. ಸೋಪು ಕರಗಿತ್ತು.

"ನಿಲ್ಸಿ! ಆರತಿ ಬೇಡ!"

ವಾಲಗ ನಿಂತಿತು.

"ಯಾಕ್ ಬ್ಯಾಡ?" ದೊಡ್ಡಬಸಮ್ಮ ತಟ್ಟೆ ಹಿಡಿದೇ ಕೇಳಿದಳು. "ನಮ್ಮನೆ ಎಣ್ಗೆ ದಿಷ್ಟಿ ತೆಗಿಯಕ್ಕೆ ಕೋಲ್ಟ್ನಿಂದ ಆಡ್ರು ತರ್ಬೇಕಾ ಲಾಯರಪ್ಪೋರೇ?"

ಮಾವ ಕಿಟಕಿಯಿಂದ ತಲೆ ಹಾಕಿ, ತುಟಿ ಅಲುಗಿಸದೆ ಹೇಳಿದರು: "ಮಾನ ಕಳೀಬ್ಯಾಡಿ ಅಳೀಂದ್ರೇ."

ಪೆಟ್ರೋಲ್ ಸೋರುತ್ತಿದೆ. ಎರಡೇ ಮಾತು. ಪುಟ್ಟಬಸಪ್ಪ ಬಾಯಿ ತೆರೆದ. ಮಾವನ ಮುಖ ಕಂಡಿತು.

"ಮೊದಲು ಚನ್ನಾಜಮ್ಮ ಇಳೀಲಿ," ಎಂದ.

"ಶಿವಶಿವ! ಬೆಂಕಿ ಸುತ್ತದಲೇ ಇಳುದ್ರೆ ಮನೆ ಉಳ್ದಾತಾ?"

ಹೊರಗಿಟ್ಟಿದ್ದ ಒಂದು ಕಾಲನ್ನು ಮದುಮಗಳು ಸರಕ್ಕನೆ ಒಳಕ್ಕೆಳೆದುಕೊಂಡಳು. ಶಿವರತ್ನಮ್ಮ ಬಾಗಿಲು ಹಾಕಿಕೊಂಡಳು. ಆಮೇಲೆ ದೊಡ್ಡಬಸಮ್ಮನ ಮುಖ ಇದ್ದಕ್ಕಿದ್ದಂತೆ ಅರಳಿತು.

"ಅಯ್ಯೋ, ಗೊತ್ತಾಯ್ತು ಬುಡ್ರಮ್ಮಿ! ದೊಡ್ಡಳಿಯಂಗೆ ಮುನ್ಸು! ಅಷ್ಟ್ ದೂರ್ದಿಂದ ಕಾರ್ ಓಡಿಸ್ಕಂಡ್ ಬಂದವ್ರೆ, ಒಂದ್ ಮಾತ್ಗಾದ್ರೂ ಅವ್ರನ್ನ ಕರುದ್ವಾ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮುನಿಸಿಕೊಳ್ಳದ ಅಳಿಯ ಯಾವ ಮದುವೆಯಲ್ಲಿದ್ದಾನೆ! ಮಾವನೂ ಉಸಿರು ಬಿಟ್ಟು ನಕ್ಕರು, ಇಳಿದು ಬಂದು ಶಲ್ಯ ಕೊಡವಿಕೊಂಡರು. ದೊಡ್ಡಬಸಮ್ಮ ಅವನ ಎರಡೂ ಕೈಯಲ್ಲಿ ತಟ್ಟೆಯಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

"ನೀವೇ ಬೆಳ್ಗಿ ಸಾಮಿ. ಆಯ್ತಾ ಸಮಾದಾನ?"

ತಟ್ಟೆ ಸುಡುತ್ತಿತ್ತು. ಆರತಿಯ ಬೆಂಕಿಯನ್ನು ಊದಿ ಆರಿಸುವ ಹಾಗಿಲ್ಲ, ಕೆಳಗೆ ಹಾಕುವ ಹಾಗಿಲ್ಲ. ಅದು ಅವನಿಗೆ ಯಾವ ಕಾನೂನು ಪುಸ್ತಕಕ್ಕಿಂತಲೂ ಚೆನ್ನಾಗಿ ಗೊತ್ತಿತ್ತು. ಪುಟ್ಟಬಸಪ್ಪ ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು. ಕಾರಿಗೆ ಮುಖ ಮಾಡಿಕೊಂಡೇ ಹಿಂದುಹಿಂದಕ್ಕೆ ಬೀದಿಯಲ್ಲಿ ನಡೆಯತೊಡಗಿದ.

"ಇದೇನು ಇಂದಿಂದಕ್ಕೆ ಓಯ್ತಾವ್ರೆ?" ಎಂದರು ಯಾರೋ.

"ನಮ್ ಕಡೆ ಅಂಗೇಯ," ಎಂದರು ಮಾವ ಗಂಭೀರವಾಗಿ. "ಮೊದ್ಲು ಬೀದಿಗ್ ಬೆಳಗ್ತರೆ."

ವಾಲಗ ಮತ್ತೆ ಶುರುವಾಯಿತು. ಜನ ಅವನ ಜೊತೆ ಹೆಜ್ಜೆ ಹಾಕಿದರು. ಇಪ್ಪತ್ತು ಮಾರು, ಮೂವತ್ತು ಮಾರು. ದೂರದಲ್ಲಿ ಕಾರು, ಕಿಟಕಿಯಲ್ಲಿ ಬಾಸಿಂಗ ಕಟ್ಟಿದ ಎರಡು ಹಣೆ, ಬಾನೆಟ್ಟಿನ ಕೆಳಗೆ ದೊಡ್ಡದಾಗುತ್ತಿದ್ದ ಕಲೆ. ಕರ್ಪೂರ ಸಣ್ಣಗಾಯಿತು, ನೀಲಿಯಾಯಿತು. ತಾನಾಗಿಯೇ ಆರಲಿ. ಆರಿದ ಕ್ಷಣವೇ ಹೇಳಿಬಿಡುತ್ತೇನೆ. ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.

"ನಂದೋಯ್ತದೆ, ನಂದೋಯ್ತದೆ!" ದೊಡ್ಡಬಸಮ್ಮ ಏದುಸಿರು ಬಿಡುತ್ತ ಓಡಿಬಂದು ಒಂದು ಹಿಡಿ ಕರ್ಪೂರವನ್ನು ತಟ್ಟೆಗೆ ಸುರಿದಳು.

ಉರಿ ಎದೆಯ ತನಕ ಎದ್ದಿತು. ಅದರಾಚೆ ಯಾರ ಮುಖವೂ ಕಾಣಿಸಲಿಲ್ಲ. ಅವನ ಬಾಯಿ ತೆರೆದಿತ್ತು, ಏನೋ ಕೂಗುತ್ತಿತ್ತು. ವಾಲಗದಲ್ಲಿ ಅದೇನೆಂದು ಅವನಿಗೇ ಕೇಳಿಸಲಿಲ್ಲ. ಹಿಂದಿನಿಂದ ಹತ್ತಾರು ಕೈಗಳು ಅವನ ಭುಜ ಹಿಡಿದು, ಮೆಲ್ಲಗೆ, ತುಂಬ ಮರ್ಯಾದೆಯಿಂದ, ಕಾರಿನ ಕಡೆಗೆ ನಡೆಸತೊಡಗಿದವು.