ಓಣಿಯ ಪಾವಟಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಾನು ಮದುವೆಯ ತಂಟೆಗೆ ಹೋಗಲಿಲ್ಲ, ಮನೆಯನ್ನೂ ಕಟ್ಟಲಿಲ್ಲ, ಯಾರೋ ಕಟ್ಟಿದ್ದನ್ನು ಕೊಂಡೆ. ಹಳ್ಳಿಯಲ್ಲಿ ಮನೆ ಕೊಂಡು ನೋಡು ಅಂತ ಹಿರಿಯರು ಇನ್ನೊಂದು ಮಾತು ಸೇರಿಸಿದ್ದರೆ ನನ್ನ ಗತಿ ಹೀಗಾಗುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದು ಬಾಗಿಲು. ನಾನು ಹಾಕಿದರೆ ಹಾಕಿಕೊಂಡೇ ಇರುವ ಬಾಗಿಲು. ಯಾದಗಿರಿಯ ಅಣ್ಣನ ಮನೆಯಲ್ಲಿ ನಾನು ಮಲಗುತ್ತಿದ್ದದ್ದು ನಡುಮನೆಯಲ್ಲಿ. ನೀರು ಕುಡಿಯಲು ಎದ್ದವರೆಲ್ಲ ನನ್ನನ್ನು ದಾಟಿಕೊಂಡೇ ಹೋಗುತ್ತಿದ್ದರು. ಭೀಮರಾಯನಗುಡಿಯ ಕೃಷಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕ ಮೇಲೆ ಬಾಡಿಗೆ ಕೋಣೆಗಳ ಕಾಲ ಶುರುವಾಯಿತು. ಒಬ್ಬ ಮಾಲಕಿ ತನ್ನ ಜೋಳದ ಚೀಲಗಳನ್ನು ನನ್ನ ಕೋಣೆಯಲ್ಲೇ ಇಟ್ಟಿದ್ದಳು. ಬೇಕಾದಾಗ ಬಂದು, ನನ್ನ ಹಾಸಿಗೆ ಮಡಚಿ, ಬುಟ್ಟಿ ತುಂಬಿಕೊಂಡು ಹೋಗುತ್ತಿದ್ದಳು. ರೇವತಿ, ನಲವತ್ತು ದಾಟಿತು, ಇನ್ನು ಯಾರೂ ನಿನ್ನನ್ನು ದಾಟಿ ಹೋಗಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಕಾಲೇಜಿಗೆ ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರದ ಒಂದು ಹಳ್ಳಿಯಲ್ಲಿ ಮನೆ ನೋಡಿದೆ.

ಒಂದಕ್ಕೊಂದು ಅಂಟಿಕೊಂಡ ನಾಲ್ಕು ಕಲ್ಲಿನ ಮನೆಗಳಲ್ಲಿ ಕೊನೆಯದು ಅದು. ಮಾಲೀಕ ಜಗದೇವಪ್ಪ ಶಹಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ಅಲ್ಲೇ ಇದ್ದುಬಿಟ್ಟಿದ್ದ. ಶ್ರಾವಣದ ಜಿಟಿಜಿಟಿಯಲ್ಲಿ ಹೋಗಿ ನೋಡಿದೆ. ಮಾಳಿಗೆ ಸೋರುತ್ತದೆಯೇ, ನಳಕ್ಕೆ ನೀರು ಯಾವಾಗ ಬರುತ್ತದೆ, ಯಾವ ತಮ್ಮ ಬಂದು ತಕರಾರು ತೆಗೆಯುತ್ತಾನೆ, ಎಲ್ಲ ಕೇಳಿದೆ. ಪಡಸಾಲೆಯ ಮೂಲೆಯಿಂದ ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲಿತ್ತು, ಇಲ್ಲಿಯವರ ಮಾತಲ್ಲಿ ಪಾವಟಿಗೆ. ಅದನ್ನು ನೋಡಿಯೇ ನಾನು ಮರುಳಾಗಿದ್ದು. ಅದರ ಬಗ್ಗೆ ಮಾತ್ರ ಏನೂ ಕೇಳಲಿಲ್ಲ. ಮೆಟ್ಟಿಲಿನ ಬಗ್ಗೆ ಯಾರಾದರೂ ಏನು ಕೇಳುತ್ತಾರೆ?

ಸಾಮಾನು ಇಳಿಸಿದ ದಿನ ಪಕ್ಕದ ಮನೆಯ ಸೂಗಮ್ಮ ಬಂದು ನನ್ನ ಗಲ್ಲ ಸವರಿದಳು.

"ಚಲೋ ಆತು ಬಿಡವ್ವ. ಒಬ್ಬಾಕಿನೇ ಇರಾಕಿ. ಮನ್ಯಾಗ ಗಂಡಸ್ರಿಲ್ಲ, ಮಂದಿ ಇಲ್ಲ. ನಮಗ ಭಾಳ ಅನುಕೂಲ ಆತು."

ಪ್ರೀತಿಯ ಮಾತು ಅಂದುಕೊಂಡು ಚಹಾ ಕೊಟ್ಟು ಕಳಿಸಿದೆ. ಚಳಿಗಾಲ ಮುಗಿಯುವವರೆಗೂ ರಾಣಿಯಂತೆ ಇದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರಿದ ಒಂದು ಭಾನುವಾರ. ತಲೆಗೆ ಎರೆದುಕೊಂಡು, ಕೂದಲಿಗೆ ಟವೆಲ್ ಸುತ್ತಿಕೊಂಡು ಪಡಸಾಲೆಯಲ್ಲಿ ಕೂತಿದ್ದೆ. ಬಾಗಿಲು ದಬದಬ ಬಡಿಯಿತು. ತೆರೆದರೆ ಸೂಗಮ್ಮ, ತಲೆಯ ಮೇಲೆ ತೊಗರಿಬೇಳೆಯ ಬುಟ್ಟಿ. ಹಿಂದೆ ಆಚೆ ಮನೆಯ ರೇಣಮ್ಮ, ಅದರಾಚೆ ಮನೆಯ ಅಮೃತಮ್ಮ, ಕೊನೆಗೆ ಸೂಗಮ್ಮನ ಸೊಸೆ ಸೌಭಾಗ್ಯ. ಒಂದು ಮಾತಿಲ್ಲ, ಕಥೆಯಿಲ್ಲ. ನನ್ನನ್ನು ದಾಟಿ ಮೆಟ್ಟಿಲು ಹತ್ತತೊಡಗಿದರು.

"ಎಲ್ಲಿಗಿ ಹೊಂಟೀರಿ?" ಅಂದೆ.

"ಮಾಳಿಗಿ ಮ್ಯಾಲ," ಅಂದಳು ಸೂಗಮ್ಮ.

"ಯಾರ ಮಾಳಿಗಿ?"

"ನಮ್ಮ ಮನಿ ಮ್ಯಾಲ ನಮ್ಮ ಮಾಳಿಗಿ ಇರ್ಲಾರ್ದ ನಿಂದಿರ್ತದೇನ?"

ಆಗ ತಿಳಿಯಿತು. ನಾಲ್ಕು ಮನೆ ಒಂದು ಕಾಲಕ್ಕೆ ಒಂದೇ ಮನೆ. ಅಣ್ಣತಮ್ಮಂದಿರು ಗೋಡೆ ಹಾಕಿ ಮನೆ ಹಂಚಿಕೊಂಡರು. ಮೇಲಿನ ಮಾಳಿಗೆ ಹಾಗೇ ಉದ್ದಕ್ಕೆ ಉಳಿಯಿತು. ಮೆಟ್ಟಿಲು ಒಂದೇ ಇತ್ತು, ಅದು ನನ್ನ ಪಾಲಿಗೆ ಬಂದ ಮನೆಯಲ್ಲಿತ್ತು.

ಆ ಬೇಸಿಗೆಯನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಬೇಳೆ ಒಣಗಿ ಹೋಯಿತು, ಕುರಡಿಗೆ ಸಂಡಿಗೆ ಬಂತು. ಕುರಡಿಗೆ ಇಳಿಯುವಷ್ಟರಲ್ಲಿ ಹಪ್ಪಳ, ಶಾವಿಗೆ. ಹೋಗುವಾಗೊಮ್ಮೆ ಬರುವಾಗೊಮ್ಮೆ ನನ್ನ ಪಾತ್ರೆಯ ಮುಚ್ಚಳ ಎತ್ತಿ ನೋಡುವುದು ಬೇರೆ. "ಇವತ್ತೂ ಬರೀ ಅನ್ನ ಸಾರೇನ? ರೊಟ್ಟಿ ಬಡ್ಯಾಕ ಬರೂದಿಲ್ಲೇನ ಯವ್ವ ನಿನಗ?" ಬೀಗ ಹಾಕಿ ಕೆಲಸಕ್ಕೆ ಹೋದರೆ ಲೈಬ್ರರಿಗೆ ಫೋನು. "ಮಳಿ ಮಾಡ ಹಾಕ್ಯಾದ. ಹಪ್ಪಳ ಮ್ಯಾಲದಾವ. ಲಗೂನ ಬಾ." ಹಪ್ಪಳಕ್ಕಾಗಿ ಅರ್ಧ ದಿನ ರಜೆ ಹಾಕಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಎಲ್ಲರಿಗಿಂತ ಹೆಚ್ಚು ತಲೆ ತಿಂದವಳು ಸೌಭಾಗ್ಯ. ಗುರುಮಠಕಲ್ ಕಡೆಯ ಹುಡುಗಿ, ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ. ಉಳಿದವರಿಗೆ ಕೆಲಸವಿದ್ದ ದಿನ ಕೆಲಸ, ಇವಳಿಗೆ ದಿನಾ. ಮೊರದಲ್ಲಿ ಒಂದು ಬೊಗಸೆ ಕೆಂಪು ಮೆಣಸಿನಕಾಯಿ ಹಿಡಿದು, ತಲೆ ತಗ್ಗಿಸಿ ಮೇಲೆ ಹೋಗುವಳು. ತಾಸಾದ ಮೇಲೆ ಅದೇ ಬೊಗಸೆಯನ್ನು ಇಳಿಸಿಕೊಂಡು ಬರುವಳು. ಆ ಕಾಯಿ ಒಣಗಿ ಒಣಗಿ ಗಲಗಲ ಅನ್ನುತ್ತಿತ್ತು.

"ಇನ್ನೂ ಎಷ್ಟು ಒಣಗಸ್ತಿ? ಬೂದಿ ಆಗಬೇಕೇನ?" ಅಂತ ಒಮ್ಮೆ ಗದರಿದೆ.

"ಸ್ವಲ್ಪ ಹಸಿ ಅದಾವ್ರಿ ಅಕ್ಕೋರ," ಅಂದು ಮೇಲಕ್ಕೆ ಓಡಿದಳು.

ತಡೆಯಲಾರದೆ ಜಗದೇವಪ್ಪನ ಅಂಗಡಿಗೇ ಹೋದೆ. ಅವನು ಬೆಲ್ಲ ತೂಗುತ್ತಿದ್ದ. ನನ್ನ ಕೂಗಾಟವನ್ನು ಪೂರ್ತಿ ಕೇಳಿ, ತಕ್ಕಡಿ ಇಳಿಸಿ, ಶಾಂತವಾಗಿ ಹೇಳಿದ:

"ಮನಿ ನಿಮ್ಮದ್ರಿ ಮೇಡಂ. ಪಾವಟಿಗಿ ಓಣಿದು."

"ಕಾಗದದಾಗ ಎಲ್ಲಿ ಬರದಾರ?"

"ಮನಿಯೊಳಗ ಗಾಳಿ ಬರ್ತದಂತ ಕಾಗದದಾಗ ಬರದಾರೇನ್ರಿ? ಬರೂದಿಲ್ಲೇನದು?"

ಒಂದು ಚೂರು ಬೆಲ್ಲ ಬಾಯಿಗೆ ಕೊಟ್ಟು ಕಳಿಸಿದ. ನಾನೂ ತಿಂದು ಬಂದೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ಯೋಚಿಸಿ ಕೊನೆಗೆ ಒಂದು ದಾರಿ ಕಂಡುಕೊಂಡೆ. ಮನೆಯ ಮುಂದೆ ನನ್ನದೇ ಒಂದಿಷ್ಟು ಖಾಲಿ ಜಾಗವಿತ್ತು. ಗೌಂಡಿ ಬಾಷುಮಿಯಾನನ್ನು ಕರೆಸಿ, ಓಣಿಯಿಂದಲೇ ನೇರವಾಗಿ ಮಾಳಿಗೆಗೆ ಹತ್ತುವ ಹೊಸ ಮೆಟ್ಟಿಲು ಕಟ್ಟಿಸಿದೆ. ಶಹಾಬಾದಿ ಕಲ್ಲಿನ ಅಗಲವಾದ ಮೆಟ್ಟಿಲು, ಕೈ ಹಿಡಿಯಲು ಕಂಬಿ. ಮುಂಬಾಗಿಲಿಗೆ ದಪ್ಪ ಕಬ್ಬಿಣದ ಚಿಲಕವನ್ನೂ ಹಾಕಿಸಿದೆ. ಓಣಿಯ ಹೆಂಗಸರನ್ನೆಲ್ಲ ಕರೆದು, ಇನ್ನು ಮೇಲೆ ಇದೇ ನಿಮ್ಮ ದಾರಿ ಅಂದೆ.

ಸೂಗಮ್ಮ ಕೆಳಗಿನಿಂದ ಮೇಲಿನವರೆಗೆ ನೋಡಿ, "ಚೆಂದ ಅದ ಬಿಡವ್ವ," ಅಂದಳು. ಅಷ್ಟೇ ಅಂದಳು.

ಅವತ್ತು ಚಿಲಕ ಹಾಕಿಕೊಂಡು ಪಡಸಾಲೆಯ ನಟ್ಟನಡುವೆ ಕಾಲು ಚಾಚಿ ಮಲಗಿದೆ. ಯಾರೂ ನನ್ನನ್ನು ದಾಟಲಿಲ್ಲ. ಸಂತೋಷಕ್ಕೆ ನಿದ್ದೆಯೇ ಬರಲಿಲ್ಲ.

ಹೊಸ ಮೆಟ್ಟಿಲ ಮೇಲೆ ಮೊದಲು ಕೂತವನು ಅದನ್ನು ಕಟ್ಟಿದ ಬಾಷುಮಿಯಾನೇ, ಚಹಾ ಕುಡಿಯಲಿಕ್ಕೆ. ಅವನ ಜೊತೆ ಮಾತಾಡಲು ಸೂಗಮ್ಮನ ಗಂಡ ಬಸವಂತ್ರಾಯ ಬಂದು ಕೂತ. ಬಾಷುಮಿಯಾ ಕೆಲಸ ಮುಗಿಸಿ ಹೋದ, ಬಸವಂತ್ರಾಯ ಮಾತ್ರ ಏಳಲಿಲ್ಲ. ನೆರಳಿತ್ತು, ಗಾಳಿಯಿತ್ತು, ಒಬ್ಬರ ಹಿಂದೆ ಒಬ್ಬರು ಎತ್ತರಕ್ಕೆ ಕೂತರೆ ಎಲ್ಲರ ಮುಖವೂ ಓಣಿಗೆ ಕಾಣುತ್ತಿತ್ತು. ವಾರದೊಳಗೆ ಊರಿನ ಅರ್ಧ ಗಂಡಸರು ಅಲ್ಲಿದ್ದರು. ತಂಬಾಕು ತಿಕ್ಕುವುದು, ನನ್ನ ಗೋಡೆಗೇ ಉಗುಳುವುದು, ಚುನಾವಣೆ ಇಲ್ಲದಾಗಲೂ ಚುನಾವಣೆಯ ಮಾತು. ಅವರು ಎದ್ದು ಹೋದ ಮೇಲೆ ಆಡುಗಳು ಬಂದು ಮಲಗುತ್ತಿದ್ದವು. ಆಡುಗಳ ಮೇಲೆ ನನಗೆ ಅಷ್ಟು ಸಿಟ್ಟಿರಲಿಲ್ಲ, ಅವು ಉಗುಳುತ್ತಿರಲಿಲ್ಲ.

"ಎದ್ದೇಳ್ರಿ, ಇದು ಕೂಡ್ಲಾಕ ಕಟ್ಟಿಸಿದ್ದಲ್ಲ," ಅಂತ ಕೂಗಾಡಿದೆ.

"ಓಣಿಗಂತ ಕಟ್ಟಸೀರಲ್ರಿ ಮೇಡಂ. ನಾವೂ ಓಣ್ಯಾನವರೇ," ಅಂದ ಬಸವಂತ್ರಾಯ. ಒಂದು ಮೆಟ್ಟಿಲು ಮೇಲೆ ಸರಿದು ನನಗೂ ಜಾಗ ಮಾಡಿಕೊಟ್ಟ.

ಗಂಡಸರ ಗದ್ದಲದಲ್ಲಿ ಇನ್ನೊಂದು ವಿಷಯ ನನ್ನ ಗಮನಕ್ಕೆ ತಡವಾಗಿ ಬಂತು. ಮೇಲೆ ಯಾರ ಸದ್ದೂ ಇರಲಿಲ್ಲ. ಬೇಸಿಗೆ ಇನ್ನೂ ಮುಗಿದಿರಲಿಲ್ಲ, ಆದರೂ ಮಾಳಿಗೆ ಖಾಲಿ ಬಿದ್ದಿತ್ತು. ಕೆಲಸ ತೀರಿರಬೇಕು ಅಂದುಕೊಂಡೆ.

ಒಂದು ಸಂಜೆ ಆಟೋ ಇಳಿದು ಬರುತ್ತಿದ್ದೆ. ಸೌಭಾಗ್ಯ ತನ್ನ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅದೇ ಮೊರ, ಅದೇ ಬೊಗಸೆ ಮೆಣಸಿನಕಾಯಿ. ಮೆಟ್ಟಿಲ ಮೇಲೆ ಸಾಲಾಗಿ ಕೂತ ಗಂಡಸರ ಕಡೆ ಒಮ್ಮೆ ನೋಡಿದಳು. ಸೆರಗು ಎಳೆದುಕೊಂಡಳು. ಒಳಗೆ ಹೋಗಲು ತಿರುಗಿದಳು.

"ಮ್ಯಾಲ ಹೋಗ್ಲಿಲ್ಲೇನು?" ಅಂದೆ.

"ಗಂಡಸ್ರು ಕೂತಾರ್ರಿ ಅಕ್ಕೋರ."

"ಸ್ವಲ್ಪ ಸರೀರಿ ಅಂತ ಹೇಳಿ ಹೋಗಬೇಕಿಲ್ಲ?"

"ನಮ್ಮ ಮಾವನೋರೂ ಅದಾರ್ರಿ. ಅವರನ್ನ ದಾಟಿ ಹ್ಯಾಂಗ ಹತ್ತಲಿ?"

ದಾಟಿ ಅನ್ನುವ ಮಾತು ಕೇಳಿ ನನಗೆ ಏನೋ ಆಯಿತು. "ತಾ ಇಲ್ಲಿ, ನಾನೇ ಒಣಗಿಸಿ ತಂದು ಕೊಡ್ತೀನಿ," ಅಂತ ಕೈ ಚಾಚಿದೆ.

ಅವಳು ಮೊರವನ್ನು ಎದೆಗೆ ಒತ್ತಿಕೊಂಡಳು. ಕಣ್ಣು ತುಂಬಿತ್ತು.

"ಅವು ಒಣಗ್ಯಾವ್ರಿ," ಅಂದಳು. "ಮನ್ಯಾಗ ಮಾತಾಡಿದ್ರ ಎಲ್ಲಾರೂ ಕೇಳ್ತಾರ್ರಿ. ಮ್ಯಾಲ ನಿಂತು ನಮ್ಮವ್ವಗ ಫೋನ್ ಮಾಡ್ತಿದ್ದೆ."

ಬಾಗಿಲಿಲ್ಲದೆ ಬದುಕುವುದು ಏನು ಅಂತ ಈ ಓಣಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಿದ್ದೂ ಆ ಹುಡುಗಿಗಿದ್ದ ಒಂದೇ ಒಂದು ಮರೆಯ ಜಾಗಕ್ಕೆ ನಾನೇ ಚಿಲಕ ಜಡಿದಿದ್ದೆ. ಮೇಲೆ ಕಂಬಿ ಬೇರೆ ಹಾಕಿಸಿದ್ದೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಬಸವಂತ್ರಾಯನನ್ನು ಒಮ್ಮೆ ಕೆಕ್ಕರಿಸಿ ನೋಡಿದೆ. ಅವನು ನಮಸ್ಕಾರ ಮಾಡಿದ.

ಒಳಗೆ ಹೋಗಿ ಇನ್ನೊಂದು ಬೀಗದಕೈ ತಂದು ಸೌಭಾಗ್ಯಳ ಮೊರದಲ್ಲಿ, ಮೆಣಸಿನಕಾಯಿಯ ಕೆಳಗೆ ಸೇರಿಸಿದೆ.

"ನಾ ಇಲ್ಲದಾಗ ಬಂದು ಮಾತಾಡ್ಕೊ. ಇದು ನಿನಗೊಬ್ಬಾಕಿಗೇ. ಯಾರಿಗೂ ಹೇಳಬ್ಯಾಡ."

"ಹೂನ್ರಿ ಅಕ್ಕೋರ. ಯಾರಿಗೂ ಹೇಳೂದಿಲ್ರಿ," ಅಂದಳು.

ಮರುದಿನ ಸಂಜೆ ಬಂದು ನೋಡಿದರೆ ನನ್ನ ಮನೆಯ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲ ಒಳಗೆ ಚಪ್ಪಲಿಗಳ ರಾಶಿ, ನನ್ನ ಚಪ್ಪಲಿ ಬಿಡಲು ಜಾಗವಿಲ್ಲ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಮೇಲೆ ಹರಟೆ, ಬಳೆಯ ಸದ್ದು, ರೇಣಮ್ಮನ ಗದರಿಕೆ, ಎಲ್ಲಕ್ಕಿಂತ ಮೇಲೆ ಸೌಭಾಗ್ಯಳ ನಗು. ಅವಳು ಗಟ್ಟಿಯಾಗಿ ನಗುವುದನ್ನು ನಾನು ಅದೇ ಮೊದಲು ಕೇಳಿದ್ದು. ಬೈಯಬೇಕು ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಮೇಲಿನಿಂದ ಸೂಗಮ್ಮ ಕೂಗಿದಳು. "ಯಾರವ್ವ ಅದು ಕೆಳಗ?"

ನನ್ನ ಮನೆಯಲ್ಲಿ ನನಗೆ ಈ ಪ್ರಶ್ನೆ!

"ನಾನು. ರೇವತಿ. ಮನಿಯಾಕಿ!"

"ಬಂದೀ? ಕದಾ ಹಾಕ್ಕೊಂಡು ಬಾ. ಗಂಡಸ್ರು ಇಣಕಿ ನೋಡ್ತಾರ."

ನಾನು ಕದ ಹಾಕಿದೆ. ಆ ದಪ್ಪ ಕಬ್ಬಿಣದ ಚಿಲಕವನ್ನೂ ಹಾಕಿದೆ. ಬಸವಂತ್ರಾಯನ ಕೆಮ್ಮು, ತಂಬಾಕು, ಚುನಾವಣೆ ಎಲ್ಲ ಹೊರಗೇ ಉಳಿದವು. ಆಮೇಲೆ ಗೊಣಗುತ್ತ ಮೆಟ್ಟಿಲು ಹತ್ತಿದೆ.