ಮೇಷ್ಟ್ರು ಎತ್ತರ ಓದದ ದಿನ

ಮೊಜಾಂಬಿಕ್ ಕಡಲ ದಂಡೆಯ ಪೊಂತಾದಿಂದ ಹೊರಡುವ ದಿನ ಬೆಳಿಗ್ಗೆ ನನ್ನ ಗಂಡ ಜೆಫನಿಯಾಸ್ ಒದ್ದೆ ತಲೆಯಲ್ಲೇ ತಿಂಡಿಗೆ ಬಂದ. ಆರೂವರೆಗೆ ಸ್ನಾನ ಮಾಡುವ ಪ್ರಾಣಿಯಲ್ಲ ಅವನು. ಆದರೆ ಎಂಟಕ್ಕೆ ಗಡಿ ತೆರೆಯುತ್ತದೆ, ಅಷ್ಟರಲ್ಲಿ ಡೇರೆ ಮಡಚಬೇಕು, ಆರು ಜನ ಪ್ರವಾಸಿಗರ ಚೀಲ ಏರಿಸಬೇಕು. ನಾನು ಕೇಳಲಿಲ್ಲ. ಈಗಲೂ ಎಷ್ಟೋ ಸಲ ಆ ಗಳಿಗೆಗೆ ವಾಪಸು ಹೋಗಿ, ಬ್ರೆಡ್ಡಿನ ಬುಟ್ಟಿ ಹಿಡಿದುಕೊಂಡು ನಿಲ್ಲುತ್ತೇನೆ.

ಹನ್ನೊಂದು ವರ್ಷದಿಂದ ನಾವಿಬ್ಬರೂ ಬಸ್ಸಿನ ಹಾಗೆ ಸೀಟು ಹಾಕಿದ ಒಂದೇ ಲಾರಿಯಲ್ಲಿ ದುಡಿಯುತ್ತಿದ್ದೆವು. ಲಾರಿ ನನ್ನದು, ಅಡುಗೆ ಮತ್ತು ಸಮುದ್ರ ಅವನದು. ಪ್ರವಾಸಿಗರನ್ನು ಕ್ರೂಗರ್ ಕಾಡಿನಲ್ಲಿ ಸುತ್ತಿಸಿ ಮೊಜಾಂಬಿಕ್ ಕಡಲಿಗೆ ತಂದು ಅವನ ಕೈಗೆ ಒಪ್ಪಿಸುತ್ತಿದ್ದೆ. ನಾಲ್ಕು ದಿನ ಅವರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಹವಳದ ದಿಬ್ಬಗಳಿಗೆ ಇಳಿಸಿ, ಶಾರ್ಕ್ ತೋರಿಸಿ, ಇಳಿಸಿದಷ್ಟೇ ತಲೆಗಳನ್ನು ಮೇಲೆ ತರುತ್ತಿದ್ದ. ಆಮೇಲೆ ಮತ್ತೆ ನನ್ನ ಸರದಿ. ಗಡಿ ದಾಟಿ, ಜೊಜಿನಿಯಲ್ಲಿ ಲೆಬೊಂಬೊ ಬೆಟ್ಟಸಾಲು ಹತ್ತಿಳಿದು, ಪೊಂಗೊಲಾ ಬಯಲಿನಿಂದ ಲೌಸ್‌ಬರ್ಗ್ ಕಡೆಯ ಬೆಟ್ಟದ ಅಭಯಾರಣ್ಯಕ್ಕೆ.

ಈ ದಾರಿಗೆ ಇದ್ದದ್ದು ಒಂದೇ ನಿಯಮ. ಕೊನೆಯ ಮುಳುಗಿಗೂ ಬೆಟ್ಟಕ್ಕೂ ನಡುವೆ ಒಂದು ಪೂರ್ತಿ ದಿನ ಇರಬೇಕು. ಆಳದಲ್ಲಿ ಎಳೆದುಕೊಂಡ ಗಾಳಿ ರಕ್ತದಲ್ಲಿ ಕರಗಿ ಕೂತಿರುತ್ತದೆ. ಅದು ಹೊರಬೀಳುವ ಮೊದಲು ಎತ್ತರಕ್ಕೆ ಹೋದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆ ಏಳುತ್ತದೆ. ಕೀಲಿನಲ್ಲಿ ಎದ್ದರೆ ನೋವು, ಬೆನ್ನುಹುರಿಯಲ್ಲಿ ಎದ್ದರೆ ಕಾಲೇ ಇಲ್ಲ. ಪ್ರತಿ ಗುಂಪಿಗೂ ಇದನ್ನು ಹೇಳುತ್ತಿದ್ದವನು ಜೆಫನಿಯಾಸನೇ. ಹೇಳುವಾಗ ಕೋಕಾಕೋಲಾ ಬಾಟಲಿ ಕುಲುಕಿ ಎಲ್ಲರ ಮೇಲೂ ಚಿಮ್ಮಿಸುತ್ತಿದ್ದ.

ಆ ಗುಂಪಿನಲ್ಲಿ ಕ್ರಾಮರ್ ಎಂಬ ನಿವೃತ್ತ ಭೂಗೋಳದ ಮೇಷ್ಟ್ರಿದ್ದರು, ನಮೀಬಿಯಾದ ಸ್ವಾಕೊಪ್ಮುಂಡ್ ಊರಿನವರು. ಕೈಗೆ ದೊಡ್ಡ ಗಡಿಯಾರ ಕಟ್ಟಿಕೊಂಡಿದ್ದರು. ಅದು ನೀರೊಳಗೆ ಆಳ ತೋರಿಸುತ್ತಿತ್ತು, ನೆಲದ ಮೇಲೆ ಎತ್ತರ. ದಾರಿಯುದ್ದಕ್ಕೂ ಲಾರಿಯ ಹಿಂದಿನಿಂದ ಹಾಜರಿ ಕರೆದ ಹಾಗೆ ಓದುತ್ತಿದ್ದರು: "ಇನ್ನೂರ ಹದಿನೇಳು ಮೀಟರ್! ಇನ್ನೂರ ನಲವತ್ತು!" ಉಳಿದವರು ನಗುತ್ತಿದ್ದರು. ಹೊರಡುವ ಹಿಂದಿನ ಸಂಜೆ ಮಾತ್ರ ಅವರ ಮುಖ ಸತ್ತ ಮನೆಯ ಹಾಗಿತ್ತು. ನೀರೊಳಗೆ ಒಯ್ಯುವ ಕ್ಯಾಮೆರಾ ಕಾಣೆಯಾಗಿತ್ತು. ದೋಣಿಯಲ್ಲಿ ಬಿತ್ತೋ, ನೀರಿನಲ್ಲಿ ಕೈಜಾರಿತೋ ಅವರಿಗೇ ಗೊತ್ತಿರಲಿಲ್ಲ.

ಲಾರಿ ಹತ್ತುವಾಗ ನೋಡಿದರೆ ಕ್ಯಾಮೆರಾ ಅವರ ತೊಡೆಯ ಮೇಲಿತ್ತು.

"ಸಿಕ್ತಾ ಮೇಷ್ಟ್ರೇ?"

"ಹೂಂ. ಚೀಲದಲ್ಲೇ ಇತ್ತು," ಎಂದರು, ನನ್ನ ಮುಖ ನೋಡದೆ.

ಗಡಿ ದಾಟಿದ ಮೇಲೆ ಮಂಗುಜಿಯವರೆಗೂ ಜೆಫನಿಯಾಸ್ ಮಾತಾಡಲಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಕೂತು ನನ್ನ ಚಾಲನೆಯನ್ನು ಆಡಿಕೊಳ್ಳುವುದೇ ಅವನ ಹಗಲಿನ ಕಸುಬು. ಅವತ್ತು ಮರಳಿನಲ್ಲಿ ಗೇರು ಗರಗರ ಎಂದರೂ ಸುಮ್ಮನಿದ್ದ.

"ಏನೋ, ನಾಲಿಗೆ ಸಮುದ್ರದಲ್ಲಿ ಬಿಟ್ಟು ಬಂದ್ಯಾ?"

"ನಿದ್ದೆ ಇಲ್ಲ ಕಣೆ ಜಿಬು."

ನನ್ನ ಹೆಸರು ಜಿಬುಯಿಲೆ. ಜಿಬು ಎಂದು ಕರೆದರೆ ಎಲ್ಲ ಸರಿಯಿದೆ ಎಂದು ಅರ್ಥ. ನಾನು ಹಾಗೇ ತಿಳಿದುಕೊಂಡೆ. ಅವನು ಅಂಗಿಯೊಳಗೆ ಕೈ ಹಾಕಿ ಹೊಟ್ಟೆ ಕೆರೆದುಕೊಳ್ಳುತ್ತಿದ್ದ. ಏನು ಎಂದರೆ ಸೊಳ್ಳೆ ಎಂದ.

ಜೊಜಿನಿಯ ತಿರುವುಗಳನ್ನು ಹತ್ತತೊಡಗಿದಾಗ ಹಿಂದಿನಿಂದ ಹಾಜರಿ ಕೇಳಿಸುತ್ತದೆಂದು ಕಾಯ್ದೆ. ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಮೇಷ್ಟ್ರು ಗಡಿಯಾರದ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡು ಕೂತಿದ್ದರು. ಅವರ ಕಣ್ಣು ನನ್ನ ಗಂಡನ ಹಿಂದಲೆಯ ಮೇಲೇ ನೆಟ್ಟಿತ್ತು.

"ಏನ್ ಮೇಷ್ಟ್ರೇ, ಇವತ್ತು ಶಾಲೆಗೆ ರಜಾನಾ?" ಎಂದು ಕೂಗಿದೆ.

"ಸ್ವಲ್ಪ ತಲೆನೋವು," ಎಂದರು.

ಮಧ್ಯಾಹ್ನ ಪೊಂಗೊಲಾದಲ್ಲಿ ಊಟಕ್ಕೆ ನಿಲ್ಲಿಸಿದೆ. ಜೆಫನಿಯಾಸ್ ಮೆಕ್ಕೆಜೋಳದ ಮುದ್ದೆ ಮುರಿದು ತಟ್ಟೆಯಲ್ಲೇ ಬಿಟ್ಟ. ಎಡ ಮೊಣಕೈಯನ್ನು ಮಗುವಿನ ತರಹ ಮಡಿಲಿಗೆ ಒತ್ತಿಕೊಂಡಿದ್ದ. ಮೇಷ್ಟ್ರು ಅವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಅವನು ತಲೆ ಅಡ್ಡಡ್ಡ ಆಡಿಸಿ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಆದರೂ ಅವನು ಎದ್ದು ತಾನೇ ಪಾತ್ರೆ ತೊಳೆದ. ಹೊರಡೋಣ ಎಂದ. ಹೊರಟೆವು.

ಅಭಯಾರಣ್ಯದ ಕೆಳಗಿನ ಗೇಟಿನಿಂದ ಬಿಡಾರಕ್ಕೆ ಹದಿನೆಂಟು ಕಿಲೋಮೀಟರ್, ಅಷ್ಟೂ ಏರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಜಿರಾಫೆಗಳು ಕಂಡವು, ಬಿಳಿ ಘೇಂಡಾ ಮರಿಯ ಸಮೇತ ಕಂಡಿತು. ಹಿಂದೆ ಕೂತವರು ಚೀರಾಡಿದರು. ಡ್ಯಾಶ್‌ಬೋರ್ಡಿನ ಮೇಲಿದ್ದ ಚಿಪ್ಸ್ ಪ್ಯಾಕೆಟ್ಟು ಲಾರಿ ಎತ್ತರ ಏರಿದಂತೆ ಉಬ್ಬಿ, ಕಪ್ಪೆಯ ಹೊಟ್ಟೆಯಂತೆ ಬಿಗಿಯಾಗಿ, ತಿರುವಿನಲ್ಲಿ ಜಾರಿ ಜೆಫನಿಯಾಸನ ಕಾಲ ಮೇಲೆ ಬಿತ್ತು. ಅವನು ಅದನ್ನು ನೋಡಿದ. ಎತ್ತಿಕೊಳ್ಳಲಿಲ್ಲ.

ಹನ್ನೆರಡನೇ ಕಿಲೋಮೀಟರಿನಲ್ಲಿ ಮುರಿದ ಕೊಂಬೆಯೊಂದು ದಾರಿಗೆ ಅಡ್ಡ ಬಿದ್ದಿತ್ತು. ಆನೆ ಮುರಿದದ್ದು, ಎಲೆ ಇನ್ನೂ ಹಸಿ. ಜೆಫನಿಯಾಸ್ ಬಾಗಿಲು ತೆಗೆದು ಇಳಿದ. ಇಳಿದವನು ಕಾಣಿಸಲೇ ಇಲ್ಲ.

ನಾನು ಸುತ್ತಿ ಓಡಿದೆ. ಅವನು ಚಕ್ರಕ್ಕೆ ಒರಗಿ ನೆಲದಲ್ಲಿ ಕೂತಿದ್ದ. ತನ್ನ ಎಡಗಾಲನ್ನು ಯಾರದೋ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದ.

"ಜಿಬು, ಇದು ನನ್ನ ಮಾತು ಕೇಳ್ತಿಲ್ಲ ಕಣೆ."

ಅಂಗಿ ಎತ್ತಿದೆ. ಹೊಟ್ಟೆಯ ಕಪ್ಪು ಚರ್ಮದ ಮೇಲೆ ನೇರಳೆ ಬಣ್ಣದ ಮಚ್ಚೆಗಳು, ಅಮೃತಶಿಲೆಯ ಮೇಲಿನ ಎಳೆಗಳ ಹಾಗೆ. ಅದನ್ನು ನಾನು ಅವನದೇ ಪುಸ್ತಕದ ಚಿತ್ರದಲ್ಲಿ ನೋಡಿದ್ದೆ. ಒದ್ದೆ ತಲೆ, ಕ್ಯಾಮೆರಾ, ಮುಚ್ಚಿದ ಗಡಿಯಾರ, ಎಲ್ಲ ಒಂದೇ ಸಲ ಮುಖಕ್ಕೆ ಬಡಿದವು.

"ಮೇಷ್ಟ್ರೇ!" ನನ್ನ ಕೂಗಿಗೆ ಕಮರಿಯಿಂದ ಹಕ್ಕಿಗಳು ಎದ್ದವು. "ಎಷ್ಟು ಆಳ?"

ಅವರು ಆಗಲೇ ಇಳಿದು ನಿಂತಿದ್ದರು. ಸುಳ್ಳು ಹೇಳಲು ಹೋಗಲಿಲ್ಲ.

"ಮೂವತ್ತಾರು ಮೀಟರ್. ಇವತ್ತು ಬೆಳಗಿನ ಜಾವ, ಎರಡು ಸಲ. ಮೊದಲ ಸಲ ಸಿಗಲಿಲ್ಲ, ಸಿಲಿಂಡರ್ ಬದಲಾಯಿಸಿ ಮತ್ತೆ ಹೋದ. ನಾನು ದೋಣಿಯಲ್ಲಿ ಕೂತಿದ್ದೆ. ನಾನೇ ಕೇಳಿದ್ದು. ಆ ಕ್ಯಾಮೆರಾದಲ್ಲಿ ನನ್ನ ಹೆಂಡತಿಯ ಕೊನೆಯ ಫೋಟೋಗಳಿದ್ದವು."

"ಬೆಳಗ್ಗಿಂದ ಬಾಯಿಗೆ ಏನ್ ತುಂಬ್ಕೊಂಡಿದ್ರಿ?"

"ನಿಮಗೆ ಹೇಳಬಾರದು ಅಂತ ಮಾತು ತಗೊಂಡಿದ್ದ."

"ಅವ್ರನ್ನ ಬಿಡೆ," ಎಂದ ಜೆಫನಿಯಾಸ್ ನೆಲದಿಂದ. "ನಾನೇನು ಚಿಕ್ಕ ಮಗೂನಾ?"

"ನೀನು ಬಾಯಿ ಮುಚ್ಕೊಂಡು ಮಲಗು."

ಅವನನ್ನು ಸೀಟುಗಳ ನಡುವೆ ಮಲಗಿಸಿದೆವು. ಮುಳುಗುವವರಿಗೆಂದು ಇಟ್ಟಿದ್ದ ಆಮ್ಲಜನಕದ ಪುಟ್ಟ ಸಿಲಿಂಡರ್ ಲಾರಿಯಲ್ಲಿತ್ತು. ಮುಳ್ಳು ಅರ್ಧಕ್ಕಿಂತ ಕೆಳಗೆ. ಮುಖಕ್ಕೆ ಕಟ್ಟಿದೆ. ರೇಡಿಯೋದಲ್ಲಿ ಗೇಟಿನವರನ್ನು ಕರೆದು ಆಂಬುಲೆನ್ಸ್ ಕೆಳಗಿನ ಗೇಟಿಗೆ ಬರಲಿ ಎಂದೆ. ಅವರು ಹೆಲಿಕಾಪ್ಟರ್ ಕೇಳಲಾ ಎಂದರು. ಬೇಡ, ಅವನನ್ನು ಒಂದಡಿಯೂ ಮೇಲಕ್ಕೆ ಒಯ್ಯಬಾರದು, ನಾನೇ ಕೆಳಗೆ ತರುತ್ತೇನೆ ಎಂದೆ.

ಲಾರಿ ತಿರುಗಿಸಲು ಹನ್ನೊಂದು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಹಿಂದಿನ ಚಕ್ರ ಕಮರಿಯ ಅಂಚಿನ ಕಲ್ಲುಗಳನ್ನು ಉದುರಿಸಿದಾಗ ಯಾರೋ ಪ್ರಾರ್ಥನೆ ಶುರು ಮಾಡಿದರು. ತಿರುಗಿ, ಎರಡು ಕಿಲೋಮೀಟರ್ ಇಳಿದೆ. ಅಲ್ಲಿ ಆನೆಗಳಿದ್ದವು.

ಹೆಣ್ಣಾನೆಗಳು, ಮರಿಗಳು ದಾರಿಯ ಮೇಲಿನ ಇಳಿಜಾರಿನಲ್ಲಿ ಮೇಯುತ್ತಿದ್ದವು. ದಾರಿಯ ನಟ್ಟನಡುವೆ ಒಂದು ಗಂಡಾನೆ. ಮದ ಬಂದಿತ್ತು. ಕೆನ್ನೆಯ ಎರಡೂ ಬದಿ ಎಣ್ಣೆ ಸುರಿದಂತೆ ಕಪ್ಪು ಗೆರೆ, ಹಿಂಗಾಲು ಒದ್ದೆ, ವಾಸನೆ ಕಿಟಕಿ ಮುಚ್ಚಿದರೂ ಮೂಗಿಗೆ ಹೊಡೆಯುತ್ತಿತ್ತು. ನಮ್ಮನ್ನು ಕಂಡು ಕಿವಿ ಹರಡಿ ನಾಲ್ಕು ಹೆಜ್ಜೆ ಮುಂದೆ ಬಂತು. ಎಂಜಿನ್ ಆರಿಸಿದೆ.

ಇನ್ನೊಂದು ದಾರಿ ಇತ್ತು. ವಾಪಸು ಮೇಲೆ ಹತ್ತಿ, ಶಿಖರದ ನೆತ್ತಿ ದಾಟಿದರೆ ಮೇಲಿನ ಗೇಟು, ಅಲ್ಲಿಂದ ಡಾಂಬರು ರಸ್ತೆ. ಮೇಷ್ಟ್ರು ನನ್ನ ಭುಜದ ಹಿಂದೆ ಬಂದು ಪಿಸುಗುಟ್ಟಿದರು.

"ಮೇಲಿಂದ ಹೋಗಿ ತಾಯಿ. ಬರೀ ಅರ್ಧ ಗಂಟೆ. ಇದು ಸಂಜೆಯಾದರೂ ಕದಲೋದಿಲ್ಲ."

"ಆ ನೆತ್ತಿ ಎಷ್ಟು ಎತ್ತರ ಮೇಷ್ಟ್ರೇ?"

ಅವರು ನಕ್ಷೆ ಬಿಚ್ಚಿ ನೆತ್ತಿಯ ಮೇಲೆ ಬೆರಳಿಟ್ಟರು.

"ಓದಿ. ಇಷ್ಟು ದಿನ ಓದಿದ್ರಲ್ಲ."

"ಸಾವಿರದ ನಾನೂರು."

"ಈಗ?"

"ಎಂಟುನೂರ ಎಂಬತ್ತು."

"ಹಾಗಾದ್ರೆ ಕೂತ್ಕೊಳ್ಳಿ."

ಕಾಯುವುದು ಎಂದರೆ ಏನೆಂದು ಅವತ್ತು ತಿಳಿಯಿತು. ಆಮ್ಲಜನಕದ ಸದ್ದು ಬಿಟ್ಟರೆ ಲಾರಿಯಲ್ಲಿ ಬೇರೆ ಸದ್ದಿಲ್ಲ. ನಾನು ಸ್ಟಿಯರಿಂಗಿನಲ್ಲಿ ಕೂತೇ ಒಂದು ಕೈ ಹಿಂದೆ ಚಾಚಿ ಅವನ ಕಾಲ್ಬೆರಳು ಹಿಡಿದುಕೊಂಡಿದ್ದೆ. ಆಗಾಗ ಚಿವುಟಿ "ಗೊತ್ತಾಗ್ತಿದ್ಯಾ?" ಎನ್ನುತ್ತಿದ್ದೆ. ಮೊದಲು ಹೂಂ ಎಂದ. ಆಮೇಲೆ, "ಯಾವ ಕಾಲು ಹಿಡ್ಕೊಂಡಿದ್ದೀಯ?" ಎಂದ. ಆಮೇಲೆ, "ಬಲಗಾಲೂ ಜೋಮು ಹಿಡೀತಾ ಇದೆ," ಎಂದ, ಹವಾಮಾನದ ಮಾತಾಡುವವನ ಹಾಗೆ.

ಆನೆ ಬಂದೇ ಬಂತು. ಅವಸರವಿಲ್ಲದೆ ಬಂದು, ಸೊಂಡಿಲಿನ ತುದಿಯನ್ನು ಗಾಜಿನ ಮೇಲೆ ಆಡಿಸಿತು. ಲೋಳೆಯ ಗೆರೆ ಉಳಿಯಿತು. ಆಮೇಲೆ ದಂತವನ್ನು ಮುಂದಿನ ಕಬ್ಬಿಣದ ಕಂಬಿಗೆ ಕೊಟ್ಟು ಒತ್ತಿತು. ಲಾರಿ ಒಂದು ಗೇಣು ಹಿಂದಕ್ಕೆ ಸರಿಯಿತು. ನಾವಿದ್ದದ್ದು ತಿರುವಿನಲ್ಲಿ, ಹಿಂದಕ್ಕೆ ಎಂದರೆ ಕಮರಿಯ ಕಡೆಗೆ. ನಾನು ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಂತೇಬಿಟ್ಟೆ. ಹಿಂದಿನ ಸೀಟಿನಲ್ಲಿದ್ದ ಕೇಪ್‌ಟೌನಿನ ಹೆಂಗಸೊಬ್ಬಳು ಗಂಡನ ಅಂಗಿಯನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಆನೆಯ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೇ ಇತ್ತು. ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೆ ನಮ್ಮಲ್ಲಿ ಯಾರಿಗೆ ಏನಾಗುತ್ತಿದೆ ಎಂಬುದರಿಂದ ಏನೂ ಆಗಬೇಕಾಗಿರಲಿಲ್ಲ.

"ಎಷ್ಟು ದೊಡ್ಡದು?" ಎಂದು ಮುಖವಾಡದೊಳಗಿಂದ ಕೇಳಿದ ಜೆಫನಿಯಾಸ್.

"ನಿನ್ನಮ್ಮನಷ್ಟು."

ಅವನು ನಗುವುದು ಕೇಳಿಸಿತು. ನನಗೆ ಆಗ ಅಳು ಬಂತು.

ಐವತ್ತು ನಿಮಿಷವಾದ ಮೇಲೆ ಮೇಲಿನ ಇಳಿಜಾರಿನಲ್ಲಿ ಒಂದು ಹೆಣ್ಣಾನೆ ಕೂಗಿತು. ಗಂಡಾನೆ ದಂತ ಬಿಡಿಸಿಕೊಂಡು, ನಾವು ಅಲ್ಲಿ ಇರಲೇ ಇಲ್ಲವೆಂಬಂತೆ ಪಕ್ಕದಿಂದ ಹಾದು ಏರಿತು. ಅದರ ಬೆನ್ನು ಪೊದೆಯಲ್ಲಿ ಮರೆಯಾಗುವ ಮೊದಲೇ ನಾನು ಬ್ರೇಕು ಬಿಟ್ಟಿದ್ದೆ. ಆಮ್ಲಜನಕ ಗೇಟು ಮುಟ್ಟುವ ಮೂರು ತಿರುವು ಮೊದಲೇ ಮುಗಿಯಿತು.

ಆಂಬುಲೆನ್ಸ್ ಅವನನ್ನು ಬಯಲಿನ ರಸ್ತೆಯಲ್ಲೇ ಡರ್ಬನ್‌ಗೆ ಒಯ್ದಿತು. ಅಲ್ಲಿ ಉಕ್ಕಿನ ಒತ್ತಡದ ಕೋಣೆಯಲ್ಲಿಟ್ಟು, ಮತ್ತೆ ಸಮುದ್ರದಡಿಗೆ ಇಳಿಸಿದಂತೆ ಮಾಡಿ, ಗಂಟೆಗಟ್ಟಲೆ ನಿಧಾನವಾಗಿ ಮೇಲೆ ತಂದರು. ಒಂಬತ್ತು ದಿನ, ಒಂಬತ್ತು ಸಲ. ಮೇಷ್ಟ್ರು ಊರಿಗೆ ಹೋಗಲಿಲ್ಲ. ಮೊದಲ ದಿನವೇ ಡಾಕ್ಟರಿಗೆ ಯಾವ ಹೊತ್ತಿಗೆ ಇಳಿದ, ಎಷ್ಟು ನಿಮಿಷ ಇದ್ದ, ಎಂದು ತಪ್ಪಿಲ್ಲದೆ ಒಪ್ಪಿಸಿದ್ದರು. ಆಮೇಲೆ ಹೊರಗಿನ ಬೆಂಚಿನಲ್ಲೇ ಇದ್ದರು. ನಾನು ಅವರನ್ನು ಕ್ಷಮಿಸಲಿಲ್ಲ. ಆದರೆ ನಾಲ್ಕನೆಯ ದಿನ ಒಂದು ತಟ್ಟೆ ಅನ್ನ ಮತ್ತು ಹುರುಳಿ ಸಾರು ತಂದು ಪಕ್ಕದಲ್ಲಿಟ್ಟೆ.

"ಯಾಕೋ ಹೇಳ್ಲಿಲ್ಲ ನಂಗೆ?" ಎಂದು ಜೆಫನಿಯಾಸನನ್ನು ಕೇಳಿದೆ, ಅವನಿಗೆ ಕೂರಲು ಬಂದ ದಿನ.

"ಹೇಳಿದ್ರೆ ನೀನು ಲಾರಿ ಹೊರಡಿಸ್ತಿರ್ಲಿಲ್ಲ. ಆರು ಜನರ ಮುಂದೆ ನಾನು ನಿಯಮ ಮುರಿದೋನು ಆಗ್ತಿದ್ದೆ." ಹೊದಿಕೆಯನ್ನು ಎಡಗಾಲಿನ ಮೇಲೆ ಎಳೆದುಕೊಂಡ. "ಮತ್ತೆ, ನಂಗೆ ಏನೂ ಆಗಲ್ಲ ಅನ್ಕೊಂಡಿದ್ದೆ ಕಣೆ. ಇಪ್ಪತ್ತು ವರ್ಷದಿಂದ ಏನೂ ಆಗಿಲ್ವಲ್ಲ."

ಬಲಗಾಲು ಪೂರ್ತಿ ಮರಳಿತು. ಎಡಗಾಲು ಎಳೆಯುತ್ತದೆ. ಇನ್ನು ಮುಳುಗುವುದು ಈ ಜನ್ಮಕ್ಕಿಲ್ಲ ಎಂದರು ಡಾಕ್ಟರು. ಅವನು ಸರಿ ಎಂದ. ಅಷ್ಟು ಬೇಗ ಸರಿ ಎಂದದ್ದಕ್ಕೇ ನನಗೆ ಭಯವಾಯಿತು.

ಈಗ ಅವನು ಪೊಂತಾದಲ್ಲೇ ಇರುತ್ತಾನೆ. ದೋಣಿಯವರಿಗೆ ಸಿಲಿಂಡರ್‌ಗಳಿಗೆ ಗಾಳಿ ತುಂಬಿಕೊಡುತ್ತಾನೆ. ಬೆಟ್ಟಕ್ಕೆ ನಾನು ಹೊಸ ಅಡುಗೆಯವಳ ಜೊತೆ ಹೋಗುತ್ತೇನೆ. ಕಳೆದ ತಿಂಗಳು ಹಿಂತಿರುಗಿದ ಸಂಜೆ ಅವನು ಮನೆಯಲ್ಲಿರಲಿಲ್ಲ. ದಂಡೆಯಲ್ಲಿ ಊರುಗೋಲು ಮರಳಿನಲ್ಲಿ ನೆಟ್ಟಿತ್ತು. ಅವನು ನೀರಿನಲ್ಲಿ ಎದೆಯವರೆಗೆ ನಿಂತಿದ್ದ. ನೀರು ಭಾರ ಹೊತ್ತಿದ್ದರಿಂದ ನೆಟ್ಟಗೆ, ಮೊದಲಿನಂತೆ ನಿಂತಿದ್ದ. ಅಲೆಗಳಾಚೆ ನೋಡುತ್ತಿದ್ದ.

"ಸಾಕು, ಬಾರೋ," ಎಂದೆ.

ತಿರುಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ. ನೀರು ಹೆಗಲಿಗೆ ಬಂತು.

ನಾನು ಬೂಟು ಬಿಚ್ಚುವಷ್ಟೂ ತಡ ಮಾಡದೆ ನೀರಿಗಿಳಿದೆ.