ಬಿಸಿಗಾಳಿ ಹೋಗುವ ಕಿಂಡಿ

ಸಾಬೂನಿನ ವಾಸನೆ, ಗಾಳಿ ಈ ಕಡೆ ತಿರುಗಿದೆ, ಅಂದರೆ ಹೆಂಡತಿ ಇನ್ನೂ ನಲ್ಲಿಯ ಹತ್ತಿರವೇ ಇದ್ದಾಳೆ, ಬಟ್ಟೆ ಕುಕ್ಕುವ ಸದ್ದು ಮಾತ್ರ ನಿಂತಿದೆ, ಹಿಂಡುತ್ತಿರಬೇಕು, ದೊಡ್ಡ ಚಾದರ ಎರಡಿದ್ದವು, ಅವು ಮುಗಿಯುವುದರೊಳಗೆ ಈ ಕೈ ಹೊರಗೆ ಬರಬೇಕು — ಬರುತ್ತಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ, ನಿವೃತ್ತಿಯಾದ ಮೇಲೆ ಹಳೇ ಬಸ್ಸೊಂದನ್ನು ಕೊಂಡು ಅದರೊಳಗೆ ಮಂಚ, ಒಲೆ, ಕಪಾಟು ಕೂರಿಸಿ ಚಕ್ರದ ಮೇಲೆ ಸಂಸಾರ ಹೂಡಿದವನು, ಈಗ ತನ್ನ ಸೀಟಿನ ಪಕ್ಕದಲ್ಲೇ ಬಾನೆಟ್ಟಿನ ಮುಚ್ಚಳ ತೆಗೆದು, ಬೋರಲು ಬಿದ್ದು, ಬಲಗೈಯನ್ನು ಭುಜದ ತನಕ ಎಂಜಿನ್ನಿನ ಹಿಂದಕ್ಕೆ ತೂರಿಸಿದ್ದಾನೆ, ಕೆನ್ನೆ ಬಿಸಿ ತಗಡಿಗೆ ಒತ್ತಿದೆ, ಬೆವರು ಕಣ್ಣಿಗೆ ಇಳಿಯುತ್ತಿದೆ, ಒರೆಸಿಕೊಳ್ಳೋಣವೆಂದರೆ ಎಡಗೈ ಮೈ ಕೆಳಗೆ. ಮುಷ್ಟಿ ಬಿಚ್ಚಿದರೆ ಕೈ ಸಲೀಸಾಗಿ ಬಂದೀತು, ಹೋಗುವಾಗ ಹೋಯಿತಲ್ಲ. ಆದರೆ ಮುಷ್ಟಿಯೊಳಗೆ ಹೊದಿಕೆ ಇದೆ, ಅವಳ ಅಮ್ಮ ಹಳೇ ಬಟ್ಟೆಗಳ ತುಂಡು ಸೇರಿಸಿ ಹೊಲಿದ ಹೊದಿಕೆ, ಎರಡು ವರ್ಷದಿಂದ ಕಳೆದುಹೋಗಿರುವ ಹೊದಿಕೆ, ಅದನ್ನು ಬಿಟ್ಟು ಕೈ ಒಂದನ್ನೇ ತಂದು ಏನು ಮಾಡುವುದು, ಊಟ ಮುಗಿಸಿ ಮೆಕ್ಯಾನಿಕ್ ಬಂದೇ ಬರುತ್ತಾನೆ, ಯಜಮಾನ್ರೇ, ಮಧ್ಯಾಹ್ನ ಪೂರ್ತಿ ಬಿಚ್ಚೇ ಬಿಡೋಣ, ಅಂದಿದ್ದಾನೆ, ಅವಳ ಎದುರಿಗೇ ಎಳೆದು ಹಾಕಿ ಏನಮ್ಮಾ ಇದು ಎಂದು ಕೇಳುತ್ತಾನೆ.

ಒಳ್ಳೆಯ ಮೆಕ್ಯಾನಿಕ್, ಅದೇ ತೊಂದರೆ. ಬೆಳಿಗ್ಗೆ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ದಾಟಿತು, ಸುಟ್ಟ ವಾಸನೆ ಬಂತು, ಹೊಗೆ ಎದ್ದಿತು, ಅವಳು ಕಾಲೆತ್ತಿ ಸೀಟಿನ ಮೇಲೆ ಮಡಚಿಕೊಂಡು ರೀ ನಿಲ್ಲಿಸಿ, ನಿಲ್ಲಿಸಿ ಅಂತೀನಿ, ಎಂದು ಕೂಗಿಕೊಂಡಳು, ಕೆಳಗಿಳಿದು ರಸ್ತೆ ಬದಿಗೆ ಹೋಗಿ ಕೂತಳು. ಹೇಗೋ ತೆವಳಿಸಿಕೊಂಡು ಈ ಗ್ಯಾರೇಜಿಗೆ ತಂದರೆ ಆ ಹುಷಾರು ಮನುಷ್ಯ ಒಂದೊಂದಾಗಿ ಎಲ್ಲ ಮುಟ್ಟಿ ನೋಡಿದ, ಒಂದು ವೈರಿನ ಮೇಲಿನ ಕವಚ ಕರಗಿ ತೊಟ್ಟಿಕ್ಕಿದ್ದನ್ನು ತೋರಿಸಿದ, ಇನ್ನೊಂದು ಏರು ಹತ್ತಿಸಿದ್ರೆ ಬೆಂಕಿನೇ, ಒಳಗೆ ಮಂಚ ಗ್ಯಾಸು ಎಲ್ಲ ಇಟ್ಕೊಂಡಿದೀರ, ಗಾಳಿ ಮುಂದಿಂದ ಚೆನ್ನಾಗೇ ಬರ್ತಿದೆ, ಹೋಗ್ತಾ ಇಲ್ಲ, ಹಿಂದೆ ಕಿಂಡಿಗೆ ಏನೋ ಅಡ್ಡ ಇದೆ. ಏನೋ ಅಡ್ಡ ಇದೆ! ಇವನು ತಲೆ ಆಡಿಸಿದ, ಇಲಿ ಗೂಡಿರಬೇಕು ಎಂದ, ನಾಲಿಗೆಗೆ ಎಲುಬಿಲ್ಲ.

ಎರಡು ವರ್ಷ ಇವನು ಮಾಡದ ಉಪಾಯ ಉಂಟೇ, ಮುಚ್ಚಳದ ಒಳಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ, ರೇಡಿಯೇಟರ್ ತೊಳೆಸಿದ, ಪಕ್ಕದ ತಗಡು ಕೊರೆದು ಜಾಲರಿ ಹಾಕಿದ, ಪುಟ್ಟದೊಂದು ಫ್ಯಾನು ಕೂರಿಸಿದ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದೇ ಎಳೆದದ್ದು, ಅವಳು ನಗುತ್ತಿದ್ದಳು, ಬಾನೆಟ್ಟಿನ ಮೇಲೆ ಪಾತ್ರೆ ಇಡಿ, ಚಹಾ ಆಗತ್ತೆ, ಎನ್ನುತ್ತಿದ್ದಳು, ಆಮೇಲಾಮೇಲೆ ನಗು ನಿಂತಿತು, ಒದ್ದೆ ಬಟ್ಟೆ ಪಾದಕ್ಕೆ ಸುತ್ತಿಕೊಂಡು ಕೂರುವುದೇ ರೂಢಿಯಾಯಿತು. ರೋಗ ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಎಳೆದು ಬಿಸಾಡಬಹುದಿತ್ತು, ಆದರೆ ಯಾವಾಗ? ನಾಲ್ಕು ಹೆಜ್ಜೆಯ ಮನೆಯಲ್ಲಿ ಗಂಡ ಆಕಳಿಸಿದರೆ ಹೆಂಡತಿಗೆ ಗೊತ್ತಾಗುತ್ತದೆ, ಮುಚ್ಚಳ ಎತ್ತಿದರೆ ಸಾಕು ಏನಾಯ್ತು ರೀ ಎಂದು ಪಕ್ಕಕ್ಕೆ ಬಂದು ಬಗ್ಗುತ್ತಾಳೆ. ಊರೂರು ಸುತ್ತಬಹುದೆಂದು ಕೊಂಡ ಬಸ್ಸು ಇದು, ಇದರೊಳಗೆ ಒಬ್ಬನೇ ಇರಲು ಒಂದು ಗಂಟೆ ಸಿಕ್ಕಿಲ್ಲ.

ಹಾಳು ಮಾಡಬೇಕೆಂದು ಮಾಡಿದ್ದೇ? ಅವಳಿಗೆ ಜ್ವರ ಅವತ್ತು, ಹಿಂದೆ ಮಂಚದಲ್ಲಿ ಮಲಗಿ ನರಳುತ್ತಿದ್ದಳು, ಎಂಜಿನ್ನಿನ ಗಡಗಡ ಅವಳ ತಲೆಯೊಳಗೇ ಹೊಡೆಯುತ್ತಿತ್ತು, ಸದ್ದು ಆ ಕಿಂಡಿಯಿಂದಲೇ ಬರುತ್ತಿದೆ ಎಂದು ಕಪಾಟಿನಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ತುರುಕಿದ, ಹತ್ತು ಮೈಲಿಯ ಮಾತು, ಆಸ್ಪತ್ರೆ ಸೇರಿದ ಮೇಲೆ ತೆಗೆದರಾಯಿತು, ಸದ್ದು ನಿಜವಾಗಿಯೂ ಕಮ್ಮಿಯಾಯಿತು, ಅವಳು ನಿದ್ದೆ ಹೋದಳು, ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಹೊದಿಕೆ ಮರೆತೇ ಹೋಯಿತು. ಚಳಿ ಬಿದ್ದಾಗ ಅವಳು ಕೇಳಿದಳು, ಅಮ್ಮಂದು ಎಲ್ರೀ, ಆಗ ನೆನಪಾಯಿತು, ಅಷ್ಟು ಹೊತ್ತಿಗೆ ಅದು ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಅಮ್ಮ ಹೋಗಿ ವರ್ಷವೂ ತುಂಬಿರಲಿಲ್ಲ, ಬಾಯಿಗೆ ಬಂದದ್ದು ಇಷ್ಟೇ, ನಿನ್ ತಂಗಿ ಬಂದು ಎರಡು ದಿನ ಇದ್ದು ಹೋದಳಲ್ಲ, ಕೇಳಿ ನೋಡು. ಕೇಳಿ ನೋಡು ಎಂದನೇ ಹೊರತು ತೆಗೆದುಕೊಂಡಳು ಎಂದನೇ? ಅಕ್ಕ ಕೇಳಿದಳು, ತಂಗಿ ಉರಿದುಬಿದ್ದಳು, ನನ್ನನ್ನ ಕಳ್ಳಿ ಅಂತೀಯಾ, ಒಂದಕ್ಕೆ ನಾಲ್ಕು ಮಾತು ಬೆಳೆಯಿತು, ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ತಂಗಿಯ ಫೋನು ಬಂದರೆ ಅವಳು ಅದನ್ನು ಮಗುಚಿ ಇಟ್ಟು ಪಾತ್ರೆ ತೊಳೆಯಲು ಹೋಗುತ್ತಿದ್ದಳು, ಇವನು ರಸ್ತೆ ನೋಡಿಕೊಂಡು ಗೇರು ಬದಲಿಸುತ್ತಿದ್ದ. ಹೇಡಿ. ಎಷ್ಟು ಸಲ ಬಾಯಿ ತೆರೆದ, ಎಷ್ಟು ಸಲ ಬಿಸಿ ತುಪ್ಪದ ಹಾಗೆ ಬಾಯಲ್ಲೇ ಇಟ್ಟುಕೊಂಡ — ಎಳಿ, ಇನ್ನೊಮ್ಮೆ ಎಳಿ, ಮೊಣಕೈ ಪೈಪಿಗೆ ತಾಗಿ ಚುರ್ ಎಂದಿತು, ಕೂಗಬೇಡ, ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟ ಸದ್ದು.

ಏನ್ರೀ ಇದು, ಒಬ್ರೇ ಕೈ ಹಾಕಿದೀರ, ಮೆಕ್ಯಾನಿಕ್ಕು ಬರ್ತೀನಿ ಅಂದಿದ್ರಲ್ಲ. ಇನ್ನೇನು ಆಯ್ತು, ನೀನು ಬಟ್ಟೆ ಹರವು ಹೋಗು. ಹರವಿ ಆಯ್ತು, ಕೈ ಸಿಕ್ಕೊಂಡಿದ್ಯಾ? ಇಲ್ಲ. ಅಲ್ಲೇ ಸೀಟಿನ ಅಂಚಿಗೆ ಕೂತಳು, ಒದ್ದೆ ಕೈಯಿಂದ ಅವನ ಬೆನ್ನು ಸವರಿದಳು, ತಣ್ಣಗಿನ ಕೈ, ತೆಗೆ ಎನ್ನಬೇಕೆನಿಸಿತು. ರೀ, ಒಂದು ಮಾತು ಹೇಳ್ಲಾ, ಬೈಬೇಡಿ, ಬೆಳಿಗ್ಗೆ ಆ ಹೊಗೆ ನೋಡಿ ಇಲ್ಲೇ ಸುಟ್ಟು ಹೋಗ್ತೀವಿ ಅನ್ನಿಸ್ಬಿಡ್ತು, ಅದಕ್ಕೇ ಈಗ ನಲ್ಲಿ ಹತ್ರ ನಿಂತು ತಂಗಿಗೆ ಫೋನ್ ಮಾಡ್ದೆ. ಹೊದಿಕೆ ನೀನೇ ಇಟ್ಕೋ ಕಣೇ, ನಾನು ಕ್ಷಮಿಸಿದೀನಿ, ಅಂದೆ. ಅವಳೇನಂದ್ಲು, ಕೇಳಿದ್ದು ತನ್ನ ದನಿಯೇ ಎಂದು ಅವನಿಗೆ ಅನುಮಾನ. ಅಳ್ತಾ ಇದ್ಲು. ತಡೀರಿ, ಟಾರ್ಚ್ ಹಿಡೀತೀನಿ.

ಬೆಳಕು ಬಿತ್ತು, ರೊಟ್ಟಿಯಗಲದ ದುಂಡು ಬೆಳಕು, ಮೊದಲು ರಬ್ಬರ್ ಪೈಪಿನ ಮೇಲೆ, ಆಮೇಲೆ ಅವನ ಭುಜ, ಮೊಣಕೈಯ ಕೆಂಪು ಬೊಬ್ಬೆ, ಅಯ್ಯೋ ಸುಟ್ಕೊಂಡಿದೀರಲ್ಲ, ಮತ್ತೆ ಪೈಪಿಗೆ ಹೋಯಿತು, ತಡಕಾಡುತ್ತಿದೆ, ಬೆಳಕಿಗೇನು ಗೊತ್ತು, ಈಗಲೂ ಮುಷ್ಟಿ ಬಿಚ್ಚಬಹುದು, ಐದು ಬೆರಳು, ಇಲಿ ಗೂಡು ಎನ್ನಬಹುದು, ಮೆಕ್ಯಾನಿಕ್ಕನಿಗೆ ದಾರಿಯಲ್ಲೇ ಕಣ್ಣು ಮಿಟುಕಿಸಬಹುದು, ಇಬ್ಬರೂ ಮಾತಾಡಿದರಲ್ಲ, ಎಲ್ಲ ಸರಿಹೋಯಿತಲ್ಲ — ಅಳ್ತಾ ಇದ್ಲು, ಮಾಡದ ಕಳ್ಳತನಕ್ಕೆ ಕ್ಷಮೆ ಹೇಳಿಸಿಕೊಂಡು ಅಳುತ್ತಿದ್ದಳು. ದುಂಡು ಬೆಳಕು ತಗಡಿನ ಗೋಡೆ ಹತ್ತಿತು, ಇಳಿಯಿತು, ಎಲ್ಲಿ ಹಿಡೀಲಿ ಹೇಳಿ, ಕೈ ಕಾಣ್ತಾ ಇಲ್ಲ. ಕೆಳಗೆ, ಎಂದ. ಇಲ್ಲೇನಾ? ಇನ್ನೂ ಸ್ವಲ್ಪ ಕೆಳಗೆ. ಬೆಳಕು ಇಳಿಯಿತು, ಮಣಿಕಟ್ಟು, ಮುಷ್ಟಿ, ಬೆರಳ ಸಂದಿಯಿಂದ ಹೊರಗೆ ಚಾಚಿದ ಒಂದು ಮಡಿಕೆ, ಅದರೊಳಗೆ ಮಸಿ ತಾಗದೆ ಉಳಿದ ಬಿಳಿ ಹೂವಿನ ತುಂಡು, ಸುತ್ತ ಅಮ್ಮನ ಕೆಂಪು ದಾರದ ದಪ್ಪ ಹೊಲಿಗೆ. ಆಮೇಲೆ ಆ ದುಂಡು ಬೆಳಕು ಅಲ್ಲೇ, ಆ ಹೊಲಿಗೆಯ ಮೇಲೆ, ಅಲ್ಲೇ ನಿಂತಿತು.